ಗಾಳಿ ಬಂದದ್ದು ಎಲ್ಲಿಂದ?

"ಬ್ರೇಕ್ ಯಾಕೋ ಮೆತ್ತಗಾಗಿದೆ" ಎಂದು ಮಾಲೀಕರು ಕಾರು ತಂದು ನಿಲ್ಲಿಸಿದರೆ ಗ್ಯಾರೇಜಿನಲ್ಲಿ ಉತ್ತರ ಬಹುಮಟ್ಟಿಗೆ ಸಿದ್ಧವಾಗಿಯೇ ಇರುತ್ತದೆ: "ಏರ್ ಹಿಡಿದಿದೆ ಸಾರ್, ಬ್ಲೀಡ್ ಮಾಡಿದ್ರೆ ಸರಿಹೋಗುತ್ತೆ." ಹುಡುಗನೊಬ್ಬ ಸೀಟಿನಲ್ಲಿ ಕೂತು ಪೆಡಲ್ ಒತ್ತುತ್ತಾನೆ, ಇನ್ನೊಬ್ಬ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತು ಲೈನಿನ ಗಾಳಿ ಹೊರಬಿಡುವ ನಿಪ್ಪಲ್ ಸಡಿಲಿಸುತ್ತಾನೆ. ಗುಳ್ಳೆ ಬರುತ್ತದೆ, ಪೆಡಲ್ ಗಟ್ಟಿಯಾಗುತ್ತದೆ, ಲೆಕ್ಕ ಚುಕ್ತಾ ಆಗುತ್ತದೆ. ತಿಂಗಳೊಪ್ಪತ್ತಿನಲ್ಲಿ ಅದೇ ಕಾರು ಅದೇ ದೂರು ಹೊತ್ತು ಮರಳುತ್ತದೆ. ಮುಚ್ಚಿದ ಕೊಳವೆಯೊಳಗೆ ಗಾಳಿ ತಾನಾಗಿ ಹುಟ್ಟುವುದಿಲ್ಲ. ಅದು ಎಲ್ಲಿಂದಲೋ ನುಗ್ಗಿರಬೇಕು. ಇಲ್ಲವೇ ಒಳಗಿರುವುದು ಗಾಳಿಯೇ ಅಲ್ಲದಿರಬೇಕು. ಬ್ಲೀಡ್ ಮಾಡುವ ಮೊದಲು ಆಗಬೇಕಾದ ಈ ವಿಚಾರಣೆ ನಡೆಯದಿರುವುದರಿಂದಲೇ, ಅಷ್ಟೇನೂ ಕಗ್ಗಂಟಲ್ಲದ ಈ ತೊಂದರೆ ಇಷ್ಟು ಸಲ ಮರುಕಳಿಸುತ್ತದೆ.

ಪೆಡಲಿಗೂ ಚಕ್ರಕ್ಕೂ ನಡುವೆ ಇರುವುದು ದ್ರವದ ನಂಟು. ಮುಚ್ಚಿದ ದ್ರವದ ಮೇಲೆ ಒಂದೆಡೆ ಒತ್ತಡ ಹಾಕಿದರೆ ಅದು ಎಲ್ಲೆಡೆಗೂ ಸಮನಾಗಿ ಹರಡುತ್ತದೆ ಎಂದು ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ಹೇಳಿದ ತತ್ವವೇ ಇಲ್ಲಿ ದುಡಿಯುವುದು. ಆದರೆ ಅದಕ್ಕೆ ಬಳಕೆಯಾಗುವ ದ್ರವ ಎಷ್ಟು ಕಡಿಮೆ ಎಂಬುದು ಹೆಚ್ಚಿನವರಿಗೆ ತಿಳಿದಿರುವುದಿಲ್ಲ. ಸಣ್ಣ ಕಾರಿನಲ್ಲಿ ಪೆಡಲಿನ ಒತ್ತನ್ನು ದ್ರವಕ್ಕೆ ದಾಟಿಸುವ ಮಾಸ್ಟರ್ ಸಿಲಿಂಡರಿನ ಒಳವ್ಯಾಸ ಸುಮಾರು 20 ಮಿಲಿಮೀಟರ್ ಎಂದುಕೊಂಡರೆ, ಪಿಸ್ಟನ್ 30 ಮಿಲಿಮೀಟರ್ ಮುಂದೆ ಸರಿದಾಗ ಹೊರಡುವ ಬ್ರೇಕ್ ಆಯಿಲ್ 10 ಮಿಲಿಲೀಟರಿಗೂ ಕಡಿಮೆ. ನಾಲ್ಕು ಚಕ್ರಗಳಲ್ಲಿ ಡಿಸ್ಕಿನ ಪ್ಯಾಡು, ಡ್ರಮ್ಮಿನ ಶೂಗಳನ್ನು ಒತ್ತಿ ಹಿಡಿಯುವುದು ಇಷ್ಟೇ ಆಯಿಲ್. ಈಗ ಲೈನಿನಲ್ಲಿ ಎರಡು ಮಿಲಿಲೀಟರಿನಷ್ಟು ಗಾಳಿ ಸೇರಿದೆ ಎನ್ನಿ. ಬ್ರೇಕ್ ಒತ್ತಿದಾಗ ಒಳಗೆ ವಾಯುಮಂಡಲದ ಹತ್ತಾರು ಪಟ್ಟು ಒತ್ತಡ ಏರುತ್ತದೆ. ಗಾಳಿಗುಳ್ಳೆ ಕುಗ್ಗಿ ಕಾಳುಮೆಣಸಿನಷ್ಟಾಗುತ್ತದೆ. ಕಾಲು ಸಾಗಿದ ದಾರಿಯಲ್ಲಿ ಐದನೇ ಒಂದು ಪಾಲು ಆ ಗುಳ್ಳೆಯನ್ನು ಹಿಂಡುವುದಕ್ಕೇ ಹೋಯಿತು. ಪೆಡಲ್ ಮೆತ್ತಗಾಗುವುದೆಂದರೆ ಇದೇ.

ಈ ಕಾಯಿಲೆಗೆ ಹೈಡ್ರಾಲಿಕ್ ಬ್ರೇಕಿನಷ್ಟೇ ವಯಸ್ಸು. ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ 1917ರಲ್ಲಿ ಪೇಟೆಂಟ್ ಪಡೆದ ವ್ಯವಸ್ಥೆಯಲ್ಲಿ ಆಯಿಲ್ ತಡೆಯಲು ಚರ್ಮದ ಸೀಲುಗಳಿದ್ದವು. ಅವು ಒಣಗಿ ಸೋರುತ್ತಿದ್ದವು. 1921ರಲ್ಲಿ ಡ್ಯೂಸೆನ್‌ಬರ್ಗ್ ಕಾರಿನ ನಾಲ್ಕೂ ಚಕ್ರಕ್ಕೆ ಹೈಡ್ರಾಲಿಕ್ ಬ್ರೇಕ್ ಬಂತು. 1924ರ ಕ್ರೈಸ್ಲರ್ ಕಾರಿನ ಹೊತ್ತಿಗೆ ಅಲ್ಲಿನ ಎಂಜಿನಿಯರುಗಳು ಚರ್ಮ ತೆಗೆದು ರಬ್ಬರ್ ಕಪ್ ಹಾಕಿದರು, ಸೋರಿಕೆ ಹತೋಟಿಗೆ ಬಂತು. ಹೆನ್ರಿ ಫೋರ್ಡ್ ಮಾತ್ರ ದ್ರವವನ್ನು ನಂಬಲಿಲ್ಲ. ಅವನ ಕಾರುಗಳಿಗೆ ಹೈಡ್ರಾಲಿಕ್ ಬ್ರೇಕ್ ಬಂದದ್ದು 1939ರ ಮಾದರಿಗಳಲ್ಲಿ. ಒಂದು ಕಡೆ ಸೋರಿದರೆ ಇಡೀ ಬ್ರೇಕೇ ಹೋಗುತ್ತದೆ ಎಂಬ ಅಂಜಿಕೆಯಲ್ಲಿ ಹುರುಳಿತ್ತು. ಹಾಗಾಗಿಯೇ ಮಾಸ್ಟರ್ ಸಿಲಿಂಡರನ್ನು ಎರಡು ಕೋಣೆಗಳಾಗಿ ಒಡೆದು, ಎರಡೆರಡು ಚಕ್ರಕ್ಕೆ ಪ್ರತ್ಯೇಕ ಲೈನ್ ಕೊಡುವ ಪದ್ಧತಿ ಬಂತು. ಅಮೆರಿಕದಲ್ಲಿ 1968ರಿಂದ ಅದು ಕಡ್ಡಾಯವಾಯಿತು. ಇಂದಿನ ಕಾರುಗಳಲ್ಲಿ ಹೆಚ್ಚಾಗಿ ಮುಂದಿನ ಎಡ ಮತ್ತು ಹಿಂದಿನ ಬಲ ಚಕ್ರ ಒಂದು ಜೋಡಿ, ಉಳಿದೆರಡು ಇನ್ನೊಂದು ಜೋಡಿ. ಒಂದು ಲೈನ್ ಕೈಕೊಟ್ಟರೆ ಪೆಡಲ್ ಎಂದಿಗಿಂತ ತುಂಬ ಕೆಳಗಿಳಿದು ಅಲ್ಲಿ ಹಿಡಿದುಕೊಳ್ಳುತ್ತದೆ, ಅರ್ಧ ಬ್ರೇಕ್ ಉಳಿಯುತ್ತದೆ. ಅದು ಗ್ಯಾರೇಜಿಗೆ ನಿಧಾನವಾಗಿ ಹೋಗಿ ಮುಟ್ಟಲು ಸಾಕು. ಊರು ಸುತ್ತಲು ಅಲ್ಲ.

ಪೆಡಲ್ ಮೆತ್ತಗಾಗಿದೆ ಎಂದಷ್ಟೇ ಹೇಳಿದರೆ ಏನೂ ಹೇಳಿದಂತಾಗಲಿಲ್ಲ. ಹೇಗೆ ಮೆತ್ತಗಾಗಿದೆ ಎಂಬುದರಲ್ಲಿ ಮುಕ್ಕಾಲು ಪರೀಕ್ಷೆ ಮುಗಿದಿರುತ್ತದೆ. ಅನುಭವಿ ಮೆಕ್ಯಾನಿಕ್ ಬಾನೆಟ್ ಎತ್ತುವ ಮೊದಲು ಸೀಟಿನಲ್ಲಿ ಕೂತು ಎಂಜಿನ್ ಆರಿಸಿಟ್ಟು ನಾಲ್ಕಾರು ಸಲ ಪೆಡಲ್ ಒತ್ತುತ್ತಾನೆ, ಕಾಲಿನ ಬಲವನ್ನು ಹೆಚ್ಚಿಸುವ ಬೂಸ್ಟರಿನಲ್ಲಿ ಉಳಿದ ನಿರ್ವಾತ ಖಾಲಿಯಾಗಲಿ ಎಂದು. ಆಮೇಲೆ ಕಾಲಿಗೆ ಸಿಗುವುದು ಬೂಸ್ಟರಿನ ನೆರವಿಲ್ಲದ ಅಸಲಿ ಪೆಡಲ್. ಅದನ್ನು ಒತ್ತಿ ಹಿಡಿದು ಎಂಜಿನ್ ಚಾಲೂ ಮಾಡಿದರೆ ಪೆಡಲ್ ತುಸು ಕೆಳಗೆ ಇಳಿಯಬೇಕು. ಅದು ರೋಗವಲ್ಲ, ಬೂಸ್ಟರ್ ಕೆಲಸ ಮಾಡುತ್ತಿದೆ ಎಂಬುದಕ್ಕೆ ಸಾಕ್ಷಿ. ಈ ಇಳಿತವನ್ನೇ ಕಂಡು ಗಾಬರಿಯಾಗಿ ಮಾಸ್ಟರ್ ಸಿಲಿಂಡರ್ ಬದಲಿಸಿದವರಿದ್ದಾರೆ. ಬೂಸ್ಟರ್ ಕೆಟ್ಟರೆ ಪೆಡಲ್ ಮೆತ್ತಗಾಗುವುದಿಲ್ಲ, ಕಲ್ಲಿನಂತೆ ಗಟ್ಟಿಯಾಗುತ್ತದೆ.

ಒತ್ತಿದಾಗ ಆಳಕ್ಕೆ ಹೋಗುವ ಪೆಡಲ್ ಎರಡನೇ, ಮೂರನೇ ಸಲಕ್ಕೆ ಮೇಲೇರಿ ಗಟ್ಟಿಯಾದರೆ ಶಂಕಿತರು ಇಬ್ಬರು: ಲೈನಿನ ಗಾಳಿ, ಇಲ್ಲವೇ ಹಿಂದಿನ ಡ್ರಮ್ಮಿನಲ್ಲಿ ಸವೆದು ದೂರ ಸರಿದ ಶೂ. ಇವೆರಡನ್ನೂ ಬೇರ್ಪಡಿಸುವ ಸುಲಭ ಉಪಾಯವೊಂದಿದೆ. ಹ್ಯಾಂಡ್‌ಬ್ರೇಕನ್ನು ಒಂದೆರಡು ಹಲ್ಲು ಎಳೆದು ಮತ್ತೆ ಪೆಡಲ್ ಒತ್ತಬೇಕು. ಹ್ಯಾಂಡ್‌ಬ್ರೇಕ್ ಹಿಂದಿನ ಶೂಗಳನ್ನು ಡ್ರಮ್ಮಿನ ಹತ್ತಿರಕ್ಕೆ ತರುವುದರಿಂದ, ಪೆಡಲ್ ಈಗ ಮೊದಲ ಒತ್ತಿಗೇ ಮೇಲೆ ಸಿಕ್ಕರೆ ತಪ್ಪು ಗಾಳಿಯದಲ್ಲ, ಶೂ ಮತ್ತು ಡ್ರಮ್ಮಿನ ನಡುವಿನ ಅಂತರದ್ದು. ಅಂಬಾಸಿಡರ್ ಕಾಲದ ಮೆಕ್ಯಾನಿಕ್‌ಗಳಿಗೆ ಇದು ಹೇಳಿಕೊಡಬೇಕಾದ ಪಾಠವಾಗಿರಲಿಲ್ಲ. ಬಹುಕಾಲ ನಾಲ್ಕೂ ಚಕ್ರಕ್ಕೆ ಡ್ರಮ್ಮೇ ಇದ್ದ ಆ ಕಾರಿನಲ್ಲಿ ಶೂ ಅಡ್ಜಸ್ಟ್ ಮಾಡುವುದು ಸರ್ವಿಸಿನ ನಿತ್ಯಕರ್ಮ. ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುವ ಈಗಿನ ಸಣ್ಣ ಕಾರುಗಳಲ್ಲಿ ಅಡ್ಜಸ್ಟರ್ ತಾನಾಗಿ ಕೆಲಸ ಮಾಡುತ್ತದೆ ಎಂಬ ನಂಬಿಕೆ ಇದೆ. ಧೂಳು, ತುಕ್ಕು ಹಿಡಿದು ಅದರ ಹಲ್ಲುಚಕ್ರ ಕಚ್ಚಿಕೊಂಡಿದ್ದರೆ ಅದು ಕೆಲಸ ಮಾಡುವುದಿಲ್ಲ, ಯಾರಿಗೂ ಹೇಳುವುದೂ ಇಲ್ಲ. ಇಂಥ ಕಾರನ್ನು ಹತ್ತು ಸಲ ಬ್ಲೀಡ್ ಮಾಡಿದರೂ ಪೆಡಲ್ ಇದ್ದಲ್ಲೇ ಇರುತ್ತದೆ.

ಹದವಾಗಿ ಒತ್ತಿ ಹಿಡಿದ ಪೆಡಲ್ ಅರ್ಧ ನಿಮಿಷದಲ್ಲಿ ಮೆಲ್ಲಮೆಲ್ಲನೆ ನೆಲದತ್ತ ಜಾರಿದರೆ ಕಥೆ ಬೇರೆ. ಒತ್ತಡ ಎಲ್ಲಿಗೋ ತಪ್ಪಿಸಿಕೊಳ್ಳುತ್ತಿದೆ. ಹೊರಗೆ ಸೋರುತ್ತಿದ್ದರೆ ಬಾನೆಟ್ಟಿನ ಕೆಳಗಿನ ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಮಟ್ಟ ಇಳಿಯಬೇಕು. ಇಳಿಯದೆಯೇ ಪೆಡಲ್ ಜಾರಿದರೆ ಮಾಸ್ಟರ್ ಸಿಲಿಂಡರಿನೊಳಗಿನ ರಬ್ಬರ್ ಕಪ್ ಸವೆದು, ಆಯಿಲ್ ಪಿಸ್ಟನ್ನಿನ ಪಕ್ಕದಿಂದ ನುಸುಳಿ ಹಿಂದಕ್ಕೇ ಬರುತ್ತಿದೆ ಎಂದರ್ಥ. ಜೋರಾಗಿ ಒತ್ತಿದರೆ ಕಪ್ ಅಗಲವಾಗಿ ಹರಡಿಕೊಂಡು ಸೀಲ್ ಹಿಡಿಯುವುದುಂಟು; ಆದ್ದರಿಂದ ಈ ಪರೀಕ್ಷೆಯಲ್ಲಿ ಕಾಲು ಹಗುರವಾಗಿರಬೇಕು. ಟ್ರಾಫಿಕ್ ಸಿಗ್ನಲ್ಲಿನಲ್ಲಿ ನಿಂತಾಗ ಪೆಡಲ್ ಇಳಿಯುತ್ತದೆ, ಓಡಿಸುವಾಗ ಚೆನ್ನಾಗಿಯೇ ಇದೆ ಎಂದು ಹೇಳುವವರು ಬಹುತೇಕ ಇದನ್ನೇ ವರ್ಣಿಸುತ್ತಿರುತ್ತಾರೆ.

ಮೂರನೆಯದು, ಒತ್ತಿದಷ್ಟೂ ಒತ್ತಿಸಿಕೊಳ್ಳುವ, ಕಾಲನ್ನು ತಿರುಗಿ ತಳ್ಳುವ ಸ್ಪಂಜಿನಂಥ ಪೆಡಲ್. ಹೆಚ್ಚಿನ ಸಲ ಇದು ಗಾಳಿಯೇ. ಆದರೆ ಇಲ್ಲೂ ವೇಷಧಾರಿಗಳಿದ್ದಾರೆ. ವಯಸ್ಸಾದ ರಬ್ಬರ್ ಹೋಸ್ ಒತ್ತಡಕ್ಕೆ ಬಲೂನಿನಂತೆ ಊದಿಕೊಳ್ಳುತ್ತದೆ. ಒಬ್ಬರು ಪೆಡಲ್ ಒತ್ತುವಾಗ ಇನ್ನೊಬ್ಬರು ಹೋಸನ್ನು ಕೈಯಲ್ಲಿ ಹಿಡಿದರೆ ತಿಳಿಯುತ್ತದೆ. ಡಿಸ್ಕಿಗೆ ಪ್ಯಾಡ್ ಒತ್ತುವ ಕ್ಯಾಲಿಪರ್ ಜಾರುವ ಪಿನ್ನುಗಳು ಒಣಗಿ ಬಿಗಿದಿದ್ದರೆ ಪ್ಯಾಡ್ ಓರೆಯಾಗಿ ಸವೆದು, ಒತ್ತಿದಾಗ ಬಾಗಿ ಸ್ಪಂಜಿನ ಅನುಭವ ಕೊಡುತ್ತದೆ. ವೀಲ್ ಬೇರಿಂಗ್ ಸಡಿಲವಾಗಿದ್ದರೆ ಡಿಸ್ಕ್ ಅಲುಗಾಡಿ ಪ್ಯಾಡನ್ನು ಹಿಂದಕ್ಕೆ ತಳ್ಳಿಬಿಡುತ್ತದೆ: ಗುಂಡಿಬಿದ್ದ ರಸ್ತೆ ದಾಟಿದ ಮೇಲಿನ ಮೊದಲ ಬ್ರೇಕ್ ಆಳಕ್ಕೆ ಹೋಗಿ, ಮರುಕ್ಷಣ ಎಲ್ಲ ಸರಿಯಾಗುತ್ತದೆ. ಇದೊಂದನ್ನು ಗ್ಯಾರೇಜಿನಲ್ಲಿ ನಿಲ್ಲಿಸಿ ಎಷ್ಟು ಒತ್ತಿದರೂ ಕಂಡುಹಿಡಿಯಲಾಗದು.

ಯಾವ ಚಕ್ರದ ಕಡೆ ತೊಂದರೆ ಎಂಬುದು ತಿಳಿಯದಿದ್ದರೆ ರಬ್ಬರ್ ಹೋಸುಗಳನ್ನು ಉರುಟು ತುಟಿಯ ಕ್ಲಾಂಪಿನಿಂದ ಒಂದೊಂದಾಗಿ ಅದುಮಿ ನೋಡುವ ಪದ್ಧತಿಯಿದೆ. ಯಾವುದನ್ನು ಅದುಮಿದಾಗ ಪೆಡಲ್ ಗಟ್ಟಿಯಾಗುತ್ತದೋ ಅದರ ಆಚೆಗಿದೆ ದೋಷ. ನಾಲ್ಕನ್ನೂ ಅದುಮಿದರೂ ಮೆತ್ತಗೇ ಇದ್ದರೆ ಮಾಸ್ಟರ್ ಸಿಲಿಂಡರ್ ಅಥವಾ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಘಟಕದ ಕಡೆ ಬೆರಳು ತೋರುತ್ತದೆ. ಕಟಿಂಗ್ ಪ್ಲೈಯರಿನಲ್ಲಿ ಹೋಸ್ ಹಿಚುಕುವ ಧೈರ್ಯಶಾಲಿಗಳಿಂದ ಮಾತ್ರ ಕಾರನ್ನು ದೂರವಿಡಬೇಕು.

ಆಯಿಲ್ ಡಬ್ಬಿಯೂ ಸಾಕಷ್ಟು ಹೇಳುತ್ತದೆ. ಪ್ಯಾಡ್ ಸವೆದಂತೆ ಕ್ಯಾಲಿಪರಿನ ಪಿಸ್ಟನ್ ಹೊರಬಂದು ಆ ಜಾಗವನ್ನು ಆಯಿಲ್ ತುಂಬುವುದರಿಂದ ಮಟ್ಟ ನಿಧಾನವಾಗಿ ಇಳಿಯುವುದು ಸಹಜ. ಅದಕ್ಕೆ ಸುಮ್ಮನೆ ಆಯಿಲ್ ಸುರಿದು ಮಟ್ಟ ಮೇಲೇರಿಸುವುದು ಥರ್ಮಾಮೀಟರನ್ನು ನೀರಿಗೆ ಅದ್ದಿ ಜ್ವರ ಇಳಿಯಿತೆಂದಂತೆ. ದಿಢೀರನೆ ಇಳಿದರೆ ಸೋರಿಕೆ ಹುಡುಕಲೇಬೇಕು: ಟೈರಿನ ಒಳಮೈಯ ಒದ್ದೆ, ಡ್ರಮ್ಮಿನ ಅಡಿಯ ಜಿಡ್ಡು, ಪೆಡಲಿನ ಬಳಿಯ ಕಾರ್ಪೆಟ್ಟಿನ ತೇವ. ಕರಾವಳಿಯ ಉಪ್ಪುಗಾಳಿಯಲ್ಲಿ ಓಡಾಡುವ ಕಾರುಗಳಲ್ಲಿ ಅಡಿಭಾಗದ ಉಕ್ಕಿನ ಪೈಪುಗಳ ತುಕ್ಕನ್ನೂ ನೋಡಬೇಕು. ಎಲ್ಲೂ ಒದ್ದೆ ಕಾಣದೆ ಆಯಿಲ್ ಮಾಯವಾಗುತ್ತಿದ್ದರೆ, ಮಾಸ್ಟರ್ ಸಿಲಿಂಡರಿನ ಹಿಂದಿನ ಸೀಲ್ ಸೋರಿ ಆಯಿಲ್ ಬೂಸ್ಟರಿನ ಹೊಟ್ಟೆ ಸೇರುತ್ತಿರಬಹುದು. ಬೋಲ್ಟ್ ಬಿಚ್ಚಿ ಸಿಲಿಂಡರನ್ನು ಮುಂದಕ್ಕೆ ಸರಿಸಿ ನೋಡುವವರೆಗೆ ಅದು ಹೊರಗೆ ಕಾಣುವುದೇ ಇಲ್ಲ. ಇನ್ನು ಕೆಲವು ಕಾರುಗಳಲ್ಲಿ ಹೈಡ್ರಾಲಿಕ್ ಕ್ಲಚ್ಚಿಗೂ ಅದೇ ಡಬ್ಬಿಯಿಂದ ಆಯಿಲ್ ಹೋಗುತ್ತದೆ. ಸೋರುವುದು ಕ್ಲಚ್, ಬೈಗುಳ ಬ್ರೇಕಿಗೆ.

ಹಿಂದಿನ ಸೀಲಿನ ಸೋರಿಕೆ ಸಣ್ಣ ಗ್ಯಾರೇಜುಗಳ ತಲೆನೋವು ಮಾತ್ರ ಅಲ್ಲ. 2010ರ ಅಕ್ಟೋಬರಿನಲ್ಲಿ ಟೊಯೊಟಾ ಕಂಪನಿ ಜಗತ್ತಿನಾದ್ಯಂತ ಸುಮಾರು 15 ಲಕ್ಷ ಕಾರುಗಳನ್ನು ವಾಪಸ್ ಕರೆಸಿತು. ಹೆಚ್ಚಿನವು ಅಮೆರಿಕ ಮತ್ತು ಜಪಾನಿನವು. ಕಾರಣ ಮಾಸ್ಟರ್ ಸಿಲಿಂಡರಿನ ಒಂದು ರಬ್ಬರ್ ಸೀಲ್. ಕಂಪನಿ ಕಾರ್ಖಾನೆಯಲ್ಲಿ ತುಂಬುತ್ತಿದ್ದ ಆಯಿಲಿನಲ್ಲಿದ್ದ ಕೆಲವು ಪಾಲಿಮರುಗಳು ಹೊರಗೆ ಕೊಂಡು ಹಾಕಿದ ಆಯಿಲುಗಳಲ್ಲಿ ಇಲ್ಲದಿದ್ದಾಗ ಆ ಸೀಲ್ ಒಣಗಿ, ಅಂಚು ಸುರುಳಿಕೊಂಡು, ಆಯಿಲ್ ಹನಿಹನಿಯಾಗಿ ಸೋರುತ್ತಿತ್ತು. ಎಚ್ಚರಿಕೆಯ ದೀಪ ಹೊತ್ತಿದರೂ ಓಡಿಸುತ್ತಲೇ ಹೋದರೆ ಪೆಡಲ್ ಮೆತ್ತಗಾಗುತ್ತಿತ್ತು. ಲೈನ್ ಬ್ಲೀಡ್ ಮಾಡಿದ್ದರೆ ಆ ಕಾರುಗಳಲ್ಲಿ ಒಂದಕ್ಕೂ ಶಾಶ್ವತ ಪರಿಹಾರ ಸಿಗುತ್ತಿರಲಿಲ್ಲ.

ಆಯಿಲ್ ವಿಷಯಕ್ಕೆ ಬಂದರೆ ಹೇಳಬೇಕಾದದ್ದು ಹೆಚ್ಚು. ಬ್ರೇಕ್ ಆಯಿಲ್ ಎಂದು ಕರೆದರೂ ಅದು ಎಣ್ಣೆಯಲ್ಲ. ಅದರ ದರ್ಜೆಗಳಾದ ಡಾಟ್ 3, ಡಾಟ್ 4, ಡಾಟ್ 5.1 ಮೂರೂ ಗ್ಲೈಕಾಲ್ ಬಗೆಯ ದ್ರವಗಳು, ನೀರನ್ನು ಹೀರುವುದು ಅವುಗಳ ಸ್ವಭಾವ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ, ಡಾಟ್ 4 230ರವರೆಗೆ ಕುದಿಯದೆ ಇರಬೇಕು ಎಂದು ನಿಯಮ. ಅವುಗಳಲ್ಲಿ ಶೇಕಡ 3.7ರಷ್ಟು ನೀರು ಸೇರಿದಾಗ ಈ ಅಂಕಿಗಳು 140 ಮತ್ತು 155ಕ್ಕೆ ಕುಸಿಯುತ್ತವೆ. ಮುಚ್ಚಳ ಬಿಗಿಯಾಗಿದ್ದರೂ ಹೋಸಿನ ರಬ್ಬರಿನ ಮೂಲಕ, ಡಬ್ಬಿಯ ಗಾಳಿಕಂಡಿಯ ಮೂಲಕ ತೇವ ಒಳಗಿಳಿಯುತ್ತದೆ. ಮಳೆಗಾಲದ ಮಲೆನಾಡಿನಲ್ಲಿ, ವರ್ಷವಿಡೀ ತೇವದ ಕರಾವಳಿಯಲ್ಲಿ ತೇವಕ್ಕೆ ಬರವಿಲ್ಲ. ಆದ್ದರಿಂದಲೇ ಎರಡು ಅಥವಾ ಮೂರು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ ಎಂದು ಹೆಚ್ಚಿನ ತಯಾರಕರು ಕೈಪಿಡಿಯಲ್ಲಿ ಬರೆಯುವುದು. ಎಂಜಿನ್ ಆಯಿಲನ್ನು ತಪ್ಪದೆ ಬದಲಿಸುವ ಮಾಲೀಕರೇ ಕಾರು ಕೊಂಡಾಗಿನ ಬ್ರೇಕ್ ಆಯಿಲಿನಲ್ಲೇ ಹತ್ತು ವರ್ಷ ಓಡಿಸುವುದು ಅಪರೂಪವಲ್ಲ.

ಇದರ ಬೆಲೆ ಗೊತ್ತಾಗುವುದು ಘಾಟಿಯಲ್ಲಿ. ಆಗುಂಬೆ ಸಮುದ್ರಮಟ್ಟದಿಂದ 640 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿಂದ ಸೋಮೇಶ್ವರದ ಕಡೆಗೆ ಹೇರ್‌ಪಿನ್ ತಿರುವುಗಳ ಸರಮಾಲೆ. ಜನ ತುಂಬಿದ 1,200 ಕಿಲೋ ತೂಕದ ಕಾರು 500 ಮೀಟರ್ ಕೆಳಗಿಳಿಯುವಾಗ ಕಳೆದುಕೊಳ್ಳಬೇಕಾದ ಶಕ್ತಿ ಸುಮಾರು 59 ಲಕ್ಷ ಜೌಲ್: 25 ಡಿಗ್ರಿಯ 18 ಲೀಟರ್ ನೀರನ್ನು ಕುದಿಯಲು ತರುವಷ್ಟು ಶಾಖ. ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು ಇಳಿದರೆ ಇದರ ಬಹುಪಾಲು ಪ್ಯಾಡು, ಡಿಸ್ಕುಗಳಿಗೆ ಸೇರುತ್ತದೆ, ಅಲ್ಲಿಂದ ಕ್ಯಾಲಿಪರಿನ ಆಯಿಲಿಗೆ. ಹಳೆಯ ಆಯಿಲಿನಲ್ಲಿನ ನೀರು ಆವಿಯಾಗಿ ಗುಳ್ಳೆ ಏಳುತ್ತದೆ. ಈಗ ಲೈನಿನಲ್ಲಿರುವುದು ಹೊರಗಿನಿಂದ ಬಂದ ಗಾಳಿಯಲ್ಲ, ಒಳಗೇ ಹುಟ್ಟಿದ ಆವಿ. ಪೆಡಲ್ ನೆಲಕ್ಕೆ ಹೋಗುತ್ತದೆ. ಗಾಬರಿಬಿದ್ದ ಚಾಲಕ ಹೇಗೋ ನಿಲ್ಲಿಸಿ, ಅರ್ಧ ಗಂಟೆ ಬಿಟ್ಟು ಒತ್ತಿ ನೋಡಿದರೆ ಆವಿ ತಣಿದು ಮತ್ತೆ ದ್ರವವಾಗಿ ಬ್ರೇಕ್ ಮೊದಲಿನಂತೆಯೇ ಇರುತ್ತದೆ! ಮರುದಿನ ಗ್ಯಾರೇಜಿನಲ್ಲಿ "ಏನೂ ತೊಂದರೆ ಇಲ್ಲವಲ್ಲ" ಎನಿಸಿಕೊಂಡು ಬರುವ ಕಾರುಗಳು ಇವೇ.

ಇದನ್ನು ಬ್ರೇಕ್ ಫೇಡ್ ಎಂಬ ಇನ್ನೊಂದು ತೊಂದರೆಯ ಜೊತೆ ಬೆರೆಸಬಾರದು. ಪ್ಯಾಡಿನ ಮೈ ಅತಿಯಾಗಿ ಬಿಸಿಯೇರಿ ಹಿಡಿತ ಕಳೆದುಕೊಂಡರೆ ಸುಟ್ಟ ವಾಸನೆ ಬರುತ್ತದೆ, ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ವಾರಾಂತ್ಯದಲ್ಲಿ ನಂದಿಬೆಟ್ಟ ಇಳಿಯುವ ಸಾಲಿನಲ್ಲಿ ಮೂಗಿಗೆ ಬಡಿಯುವುದು ಈ ವಾಸನೆಯೇ. ಎರಡಕ್ಕೂ ತಡೆ ಒಂದೇ: ಹತ್ತುವಾಗ ಬೇಕಾದ ಗೇರಿನಲ್ಲೇ ಇಳಿಯುವುದು, ಬ್ರೇಕನ್ನು ಉದ್ದಕ್ಕೂ ಒತ್ತಿಕೊಂಡೇ ಇರದೆ ಬಿಟ್ಟುಬಿಟ್ಟು ಗಟ್ಟಿಯಾಗಿ ಒತ್ತುವುದು. ನ್ಯೂಟ್ರಲ್‌ನಲ್ಲಿ ಪೆಟ್ರೋಲ್ ಉಳಿಯುತ್ತದೆ ಎಂಬ ವಾದ ಕಾರ್ಬುರೇಟರ್ ಕಾಲದ್ದು. ಇಂಜೆಕ್ಷನ್ ಎಂಜಿನ್ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಇಂಧನವನ್ನು ನಿಲ್ಲಿಸಿಯೇಬಿಡುತ್ತದೆ, ನ್ಯೂಟ್ರಲ್‌ನಲ್ಲಿ ಐಡಲಿಂಗಿಗೆ ಕುಡಿಯುತ್ತಲೇ ಇರುತ್ತದೆ. ಇಳಿಜಾರಿನಲ್ಲಿ ಪೆಡಲ್ ಕೈಕೊಟ್ಟರೆ ಬೇಗಬೇಗ ಪಂಪ್ ಮಾಡಬೇಕು, ಒಂದೊಂದೇ ಗೇರ್ ಇಳಿಸಬೇಕು, ಹ್ಯಾಂಡ್‌ಬ್ರೇಕನ್ನು ಒಮ್ಮೆಲೇ ಅಲ್ಲ, ಹಂತಹಂತವಾಗಿ ಎಳೆಯಬೇಕು. ಎಂಜಿನ್ ಆರಿಸಬಾರದು: ಬೂಸ್ಟರಿನ ನೆರವೂ ಹೋಗುತ್ತದೆ, ಕೀ ತೆಗೆದರೆ ಸ್ಟೀರಿಂಗೂ ಲಾಕ್ ಆದೀತು.

ಇಷ್ಟೆಲ್ಲ ನೋಡಿದ ಮೇಲೆ ಬ್ಲೀಡಿಂಗಿನ ಸರದಿ. "ಹೊಡಿ, ಹೊಡಿ, ಹಿಡ್ಕೊ... ಬಿಡು" ಎಂಬ ಜುಗಲ್ಬಂದಿಯಲ್ಲಿ ನಡೆಯುವ ಈ ಕೆಲಸ ನೋಡಲು ಸುಲಭ. ನಿಪ್ಪಲ್ಲಿಗೆ ಪಾರದರ್ಶಕ ಟ್ಯೂಬ್ ಸಿಕ್ಕಿಸಿ, ಅದರ ತುದಿಯನ್ನು ಆಯಿಲಿರುವ ಬಾಟಲಿಯಲ್ಲಿ ಮುಳುಗಿಸಿ, ಪೆಡಲ್ ಒತ್ತಿದಾಗ ತೆರೆದು, ಬಿಡುವ ಮೊದಲೇ ಮುಚ್ಚಬೇಕು. ಮುಚ್ಚುವುದು ಕ್ಷಣ ತಡವಾದರೂ ಹೊರಟ ಗಾಳಿ ಮರಳಿ ಒಳಗೆ. ನಡುವೆ ಡಬ್ಬಿ ಬರಿದಾಗಲು ಬಿಟ್ಟರೆ ಮೊದಲಿನಿಂದ ಶುರು. ಬಲಗಡೆ ಸ್ಟೀರಿಂಗ್ ಇರುವ ನಮ್ಮ ಕಾರುಗಳಲ್ಲಿ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ್ದು ಹಿಂದಿನ ಎಡ ಚಕ್ರ. ಅಲ್ಲಿಂದ ಆರಂಭಿಸುವುದು ವಾಡಿಕೆ. ಓರೆಜೋಡಿಯ ಲೈನ್ ಇರುವ ಕೆಲವು ಕಾರುಗಳಿಗೆ ತಯಾರಕರು ಬೇರೆ ಕ್ರಮ ಹೇಳಿರುತ್ತಾರೆ, ಅಲ್ಲಿ ವಾಡಿಕೆಗಿಂತ ಕೈಪಿಡಿ ದೊಡ್ಡದು.

ಹಳೆಯ ಕಾರಿನಲ್ಲಿ ಹುರುಪಿನಿಂದ ಪೆಡಲನ್ನು ನೆಲಮುಟ್ಟ ಒತ್ತುವುದು ಹೊಸ ರೋಗಕ್ಕೆ ದಾರಿ. ದಿನನಿತ್ಯದ ಓಡಾಟದಲ್ಲಿ ಪಿಸ್ಟನ್ ತಲುಪದ ಸಿಲಿಂಡರಿನ ತುದಿಯಲ್ಲಿ ತುಕ್ಕು, ಕಿಟ್ಟ ಕೂತಿರುತ್ತದೆ. ಮೆದು ರಬ್ಬರ್ ಕಪ್ ಅದರ ಮೇಲೆ ಉಜ್ಜಿ ಹರಿಯುತ್ತದೆ. ಪೆಡಲಿನ ಅಡಿಗೆ ಮರದ ತುಂಡೊಂದನ್ನಿಟ್ಟು ಕೆಲಸ ಮಾಡುವವರು ಇದನ್ನು ಅರಿತವರು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಕಪ್ ಕಿಟ್ ಬಿಡಿಯಾಗಿ ಸಿಗುತ್ತದೆ ನಿಜ, ಆದರೆ ಸಿಲಿಂಡರಿನ ಒಳಮೈಯಲ್ಲಿ ಉಗುರಿಗೆ ತಾಗುವ ಗೀರು, ಕುಳಿಗಳಿದ್ದರೆ ಹೊಸ ಕಪ್ ಹೆಚ್ಚು ದಿನ ಬಾಳುವುದಿಲ್ಲ. ಅಲ್ಲಿ ಇಡೀ ಸಿಲಿಂಡರ್ ಬದಲಿಸುವುದೇ ಅಗ್ಗ. ಇನ್ನೊಂದು ತಮಾಷೆಯ ತಪ್ಪಿದೆ. ಎಡ, ಬಲದ ಕ್ಯಾಲಿಪರುಗಳನ್ನು ಅದಲುಬದಲಾಗಿ ಕೂರಿಸಿದರೆ ಕೆಲವು ಕಾರುಗಳಲ್ಲಿ ಎಲ್ಲವೂ ಸರಿಯಾಗಿಯೇ ಕೂರುತ್ತದೆ, ಬ್ಲೀಡ್ ನಿಪ್ಪಲ್ ಮಾತ್ರ ಕೆಳಗೆ ಬರುತ್ತದೆ. ಗಾಳಿ ಮೇಲೆ ಸೇರಿಕೊಂಡು, ಒಂದು ಲೀಟರ್ ಆಯಿಲ್ ಹರಿಸಿದರೂ ಅಲುಗುವುದಿಲ್ಲ.

ಡಬ್ಬಿಗೆ ಕೈಗೆ ಸಿಕ್ಕಿದ್ದನ್ನು ಸುರಿಯುವುದು ಇದೆಲ್ಲಕ್ಕಿಂತ ಅಪಾಯದ ಕೆಲಸ. ಎಂಜಿನ್ ಆಯಿಲಾಗಲಿ ಪವರ್ ಸ್ಟೀರಿಂಗ್ ಆಯಿಲಾಗಲಿ ಸ್ವಲ್ಪವೇ ಸೇರಿದರೂ ಬ್ರೇಕಿನ ರಬ್ಬರ್ ಊದಿ ಹಾಳಾಗುತ್ತದೆ. ಆಮೇಲೆ ಲೈನ್ ತೊಳೆದರೆ ಸಾಲದು, ರಬ್ಬರ್ ಭಾಗಗಳೆಲ್ಲ ಹೊಸದಾಗಬೇಕು. ಡಾಟ್ 5 ಎಂಬ ಸಿಲಿಕೋನ್ ದ್ರವವನ್ನು ಹೆಸರು ಹತ್ತಿರವಿದೆಯೆಂದು ಉಳಿದವುಗಳ ಜೊತೆ ಬೆರೆಸಕೂಡದು.

ಎಬಿಎಸ್ ಬಂದ ಮೇಲೆ ಹಳೆಯ ವಿದ್ಯೆ ಅರ್ಧಕ್ಕೆ ನಿಲ್ಲುವ ಸಂದರ್ಭಗಳು ಹೆಚ್ಚಿವೆ. ಭಾರತದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳೆಲ್ಲಕ್ಕೂ ಅದು ಕಡ್ಡಾಯ. ಸಾಮಾನ್ಯ ಆಯಿಲ್ ಬದಲಾವಣೆಗೆ ಎಬಿಎಸ್ ಅಡ್ಡಿಯಲ್ಲ. ಲೈನ್ ಪೂರ್ತಿ ಬರಿದಾಗಿ ಗಾಳಿ ಆ ಘಟಕದೊಳಗೇ ಹೊಕ್ಕರೆ ಮಾತ್ರ ಕಷ್ಟ: ಅಲ್ಲಿನ ಕೆಲವು ವಾಲ್ವುಗಳು ತುರ್ತು ಬ್ರೇಕಿನಲ್ಲಲ್ಲದೆ ತೆರೆಯುವುದೇ ಇಲ್ಲ. ಸ್ಕ್ಯಾನರ್ ಜೋಡಿಸಿ, ಪಂಪು ವಾಲ್ವುಗಳನ್ನು ಓಡಿಸುತ್ತಲೇ ಬ್ಲೀಡ್ ಮಾಡಬೇಕು. ಸ್ಕ್ಯಾನರ್ ಇಲ್ಲದ ಕಡೆ ಖಾಲಿ ಮಣ್ಣುರಸ್ತೆಯಲ್ಲಿ ಎಬಿಎಸ್ ಕೆಲಸಕ್ಕೆ ಬರುವಂತೆ ಬ್ರೇಕ್ ಹೊಡೆದು, ಹಿಂತಿರುಗಿ ಮತ್ತೆ ಬ್ಲೀಡ್ ಮಾಡುವ ನಾಟಿ ಪದ್ಧತಿಯೂ ನಡೆಯುತ್ತದೆ. ಅದು ಫಲಿಸುವುದುಂಟು, ಆದರೆ ಮೆತ್ತನೆಯ ಬ್ರೇಕಿನ ಕಾರನ್ನು ಜೋರಾಗಿ ಓಡಿಸಿ ಮಾಡುವ ಚಿಕಿತ್ಸೆ ಎಂಬುದನ್ನು ಮರೆಯುವಂತಿಲ್ಲ.

ಹೈಬ್ರಿಡ್ ಮತ್ತು ವಿದ್ಯುತ್ ಕಾರುಗಳಲ್ಲಿ ಪ್ರಶ್ನೆಯೇ ಬದಲಾಗುತ್ತಿದೆ. ಇವುಗಳಲ್ಲಿ ಹಲವು ಕಾರುಗಳ ಪೆಡಲಿಗೂ ಚಕ್ರಕ್ಕೂ ಸಹಜ ಸ್ಥಿತಿಯಲ್ಲಿ ನೇರ ನಂಟಿಲ್ಲ. ಪೆಡಲ್ ಎಷ್ಟು ಒತ್ತಲಾಗಿದೆ ಎಂದು ಸೆನ್ಸರ್ ಅಳೆಯುತ್ತದೆ, ಮೋಟಾರಿನ ತಡೆಯೆಷ್ಟು, ಆಯಿಲಿನ ಒತ್ತಡವೆಷ್ಟು ಎಂದು ಕಂಪ್ಯೂಟರ್ ಹಂಚುತ್ತದೆ, ಕಾಲಿಗೆ ಸಿಗುವ ಗಟ್ಟಿತನ ಸ್ಪ್ರಿಂಗೊಂದರ ನಟನೆ. 2010ರ ಫೆಬ್ರವರಿಯಲ್ಲಿ ಟೊಯೊಟಾ ನಾಲ್ಕು ಲಕ್ಷಕ್ಕೂ ಹೆಚ್ಚು ಹೈಬ್ರಿಡ್ ಕಾರುಗಳನ್ನು ಕರೆಸಿಕೊಂಡದ್ದು, ಗುಂಡಿ ಅಥವಾ ಜಾರುವ ನೆಲದ ಮೇಲೆ ಕ್ಷಣಹೊತ್ತು ಬ್ರೇಕ್ ಸಡಿಲಾದಂತೆ ಅನಿಸುತ್ತದೆ ಎಂಬ ದೂರಿಗೆ. ದುರಸ್ತಿ ನಡೆದದ್ದು ಸ್ಪ್ಯಾನರಿನಿಂದಲ್ಲ, ಸಾಫ್ಟ್‌ವೇರಿನಿಂದ. ಮರ್ಸಿಡಿಸ್ 2001ರಿಂದ ಅಳವಡಿಸಿದ ಇಂಥದೇ ವ್ಯವಸ್ಥೆಗಾಗಿ 2004, 2005ರಲ್ಲಿ ಲಕ್ಷಗಟ್ಟಲೆ ಕಾರುಗಳನ್ನು ವಾಪಸ್ ಪಡೆದು, ಕೆಲಕಾಲ ಹಳೆಯ ಹೈಡ್ರಾಲಿಕ್ ದಾರಿಗೇ ಮರಳಿತು. ಹೈಬ್ರಿಡ್, ವಿದ್ಯುತ್ ಕಾರುಗಳಲ್ಲಿ ಬ್ರೇಕ್ ಕಡಿಮೆ ಬಳಕೆಯಾಗಿ ಪ್ಯಾಡ್ ಬೇಗ ಸವೆಯುವುದಿಲ್ಲ, ಆದರೆ ಆಯಿಲ್ ನೀರು ಹೀರುವುದು ನಿಂತಿಲ್ಲ. ಲೈನಿನಲ್ಲಿ ಗಾಳಿಯಿದ್ದರೂ ನಟನೆಯ ಪೆಡಲ್ ಗಟ್ಟಿಯಾಗಿಯೇ ಇರಬಹುದಾದ್ದರಿಂದ, ಸೀಟಿನಲ್ಲಿ ಕೂತು ಕಾಲಿನಲ್ಲೇ ರೋಗ ಹಿಡಿಯುತ್ತಿದ್ದ ಮೆಕ್ಯಾನಿಕ್ ಅಲ್ಲಿ ಮೊದಲು ಸ್ಕ್ಯಾನರಿನ ಪರದೆಯಲ್ಲಿ ಒತ್ತಡದ ಅಂಕಿ ನೋಡಬೇಕಾಗುತ್ತದೆ.